ತಗ್ಗಿಸಿದ ಹಳೇ ಕಾರಿಗೆ ಚಕ್ರ, ಟೈರ್: ಕಾರವಾರ, ಶಿರಸಿ ಕಡೆಯವರು ಪದೇ ಪದೇ ಕೇಳುವ ಪ್ರಶ್ನೆಗಳು

ಮನೆಯಲ್ಲಿ ಪ್ರೀಮಿಯರ್ ಪದ್ಮಿನಿಯೋ, ಅಂಬಾಸಿಡರೋ, ಕಾಂಟೆಸ್ಸಾವೋ, ಮೊದಲ ಕಾಲದ ಮಾರುತಿ 800ವೋ ಇದೆ. ಅದನ್ನು ಸ್ವಲ್ಪ ತಗ್ಗಿಸಿ ಒಳ್ಳೆಯ ಚಕ್ರ ಹಾಕಬೇಕು ಅಂತ ಆಸೆ. ಅಂಥವರಿಗಾಗಿ ಬರೆದ ಉತ್ತರಗಳು ಇವು. ನಮ್ಮ ಜಿಲ್ಲೆಯ ರಸ್ತೆಯನ್ನು ಮನಸ್ಸಿನಲ್ಲಿಟ್ಟುಕೊಂಡೇ ಬರೆದಿದ್ದೇನೆ: ಒಂದು ಕಡೆ ಹೆದ್ದಾರಿ 66, ಇನ್ನೊಂದು ಕಡೆ ದೇವಿಮನೆ, ಅರಬೈಲ್, ಅಣಶಿ ಘಟ್ಟಗಳು, ಅಲ್ಲಿಂದ ಒಳಗೆ ಹೋದರೆ ಅಡಿಕೆ ತೋಟದ ಮಣ್ಣು ದಾರಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಎಲ್ಲದರ ಮೇಲೂ ಮಳೆ.

ಮೊದಲು ಯಾವುದು? ಸ್ಪ್ರಿಂಗ್ ತಗ್ಗಿಸೋದೋ, ಚಕ್ರ ತಗೊಳ್ಳೋದೋ?

ಎರಡೂ ಅಲ್ಲ. ಮೊದಲು ಟೈರಿನ ಹೊರವ್ಯಾಸ ಎಷ್ಟಿರಬೇಕು ಅಂತ ನಿರ್ಧಾರ ಮಾಡಿ. ಆ ಟೈರಿಗೆ ಹೊಂದುವ ರಿಮ್ಮಿನ ಅಗಲ ನೋಡಿ. ಆಮೇಲೆ ಆಫ್‌ಸೆಟ್, ಅಂದರೆ ಚಕ್ರ ಎಷ್ಟು ಒಳಗೆ ಅಥವಾ ಹೊರಗೆ ಕೂರುತ್ತದೆ ಅನ್ನುವ ಅಳತೆ. ತಗ್ಗಿಸುವ ಕೆಲಸ ಕಟ್ಟಕಡೆಗೆ.

ಬಹಳ ಜನ ಇದನ್ನು ತಲೆಕೆಳಗು ಮಾಡುತ್ತಾರೆ. ಮೊದಲೇ ಸ್ಪ್ರಿಂಗ್ ಕತ್ತರಿಸಿ, ಆಮೇಲೆ ಕಣ್ಣಿಗೆ ಬಿದ್ದ ಅಲಾಯ್ (ಅಲ್ಯೂಮಿನಿಯಂ ಚಕ್ರ) ತಂದು, ಕೊನೆಗೆ ಅದಕ್ಕೆ ಸಿಕ್ಕ ಟೈರ್ ಹಾಕಿಸುತ್ತಾರೆ. ಹಂಪ್ ಹತ್ತುವಾಗ ಟೈರು ಮಡ್ಗಾರ್ಡಿಗೆ ಉಜ್ಜಿದರೆ ಆ ಹೊತ್ತಿಗೆ ಹಿಂದೆ ಹೋಗಲು ದಾರಿಯೇ ಇರುವುದಿಲ್ಲ. ಕತ್ತರಿಸಿದ ಸ್ಪ್ರಿಂಗ್ ಮತ್ತೆ ಬೆಳೆಯುವುದಿಲ್ಲ ಅಲ್ವಾ?

ನಮ್ಮ ರಸ್ತೆಗೆ ಎಷ್ಟು ತಗ್ಗಿಸಬಹುದು?

ದಿನಾ ಓಡಿಸುವ ಕಾರಾದರೆ 25ರಿಂದ 40 ಮಿಮೀ. ಅದಕ್ಕಿಂತ ಕೆಳಗೆ ಇಳಿಸಿದ ಕಾರು ಪ್ರದರ್ಶನಕ್ಕೆ ಚೆಂದ. ತೋಟದ ಮನೆಗೆ ಹೋಗಿ ಬರಲು ಆಗುವುದಿಲ್ಲ.

ಹಂಪ್‌ನ ಲೆಕ್ಕ ಸ್ವಲ್ಪ ಬಿಡಿಸಿ ಹೇಳುತ್ತೇನೆ, ಯಾಕೆಂದರೆ ಇಲ್ಲೇ ತಪ್ಪು ತಿಳಿವಳಿಕೆ ಜಾಸ್ತಿ. ಇಂಡಿಯನ್ ರೋಡ್ಸ್ ಕಾಂಗ್ರೆಸ್ ಹೇಳುವ ಗುಂಡನೆಯ ಹಂಪ್ 10 ಸೆಂಮೀ ಎತ್ತರ, 3.7 ಮೀಟರ್ ಅಗಲ ಇರುತ್ತದೆ. ಪದ್ಮಿನಿಯ ಮುಂದಿನ, ಹಿಂದಿನ ಚಕ್ರಗಳ ನಡುವೆ 2.34 ಮೀಟರ್ ಅಂತರ. ಅಂದರೆ ಕಾರು ಹಂಪ್ ಮೇಲೆ ನಡು ಮಧ್ಯ ನಿಂತಾಗ ನಾಲ್ಕೂ ಚಕ್ರ ಹಂಪ್ ಮೇಲೇ ಇರುತ್ತವೆ. ಆಗ ಹೊಟ್ಟೆಯ ಕೆಳಗೆ ನೆಲ ಉಬ್ಬಿ ಬರುವುದು ಬರೀ 4 ಸೆಂಮೀ. ಸರಿಯಾಗಿ ಕಟ್ಟಿದ ಹಂಪ್ ತಗ್ಗಿಸಿದ ಕಾರಿಗೂ ತೊಂದರೆ ಕೊಡುವುದಿಲ್ಲ.

ತೊಂದರೆ ಕೊಡುವುದು ಊರವರೇ ಡಾಂಬರು, ಸಿಮೆಂಟು ಸುರಿದು ಮಾಡಿದ ಗಿಡ್ಡ ಹಂಪ್. ಅದರ ಅಗಲ ಒಂದು ಮೀಟರ್ ಕೂಡ ಇರುವುದಿಲ್ಲ. ಮುಂದಿನ ಚಕ್ರ ದಾಟಿ ಕೆಳಗಿಳಿದಿರುತ್ತದೆ, ಹಿಂದಿನದು ಇನ್ನೂ ಹತ್ತಿರುವುದಿಲ್ಲ, ಇಡೀ ಹಂಪ್‌ನ ಎತ್ತರ ಸೈಲೆನ್ಸರ್ ಪೈಪಿನ ಕೆಳಗೆ ಬಂದು ಕೂರುತ್ತದೆ. ಅದಕ್ಕೇ ನಾನು ಹೇಳುವ ಅಳತೆ ಇದು: ನಾಲ್ಕು ಜನ ಕೂತಾಗ ಕಾರಿನ ಅತಿ ಕೆಳಗಿನ ಭಾಗಕ್ಕೂ ನೆಲಕ್ಕೂ ಕಡಿಮೆ ಅಂದರೆ 120 ಮಿಮೀ ಉಳಿಯಬೇಕು. ಖಾಲಿ ಕಾರಿನಲ್ಲಿ ಅಳೆದರೆ ಉಪಯೋಗವಿಲ್ಲ.

ಟೈರಿನ ಮೇಲಿನ ಅಂಕಿಯಿಂದ ಹೊರವ್ಯಾಸ ಲೆಕ್ಕ ಹಾಕೋದು ಹೇಗೆ?

175/65 R14 ತೆಗೆದುಕೊಳ್ಳಿ. 175 ಅಂದರೆ ಟೈರಿನ ಅಗಲ, ಮಿಮೀ ಲೆಕ್ಕದಲ್ಲಿ. 65 ಅಂದರೆ ಗೋಡೆಯ ಎತ್ತರ ಆ ಅಗಲದ 65 ಪ್ರತಿಶತ. 14 ಅಂದರೆ ರಿಮ್ಮಿನ ವ್ಯಾಸ, ಇಂಚಿನಲ್ಲಿ. ಗೋಡೆ 113.75 ಮಿಮೀ, ಮೇಲೊಂದು ಕೆಳಗೊಂದು ಸೇರಿ 227.5. ರಿಮ್ 14 ಗುಣಿಸು 25.4, ಅಂದರೆ 355.6. ಕೂಡಿಸಿದರೆ 583 ಮಿಮೀ.

ಹಳೇ ಕಾರಿನ ಮೂಲ ಟೈರಿನಲ್ಲಿ ಈ ಬರಹ ಇರುವುದಿಲ್ಲ. ಪದ್ಮಿನಿಗೆ 5.20-14, ಅಂಬಾಸಿಡರಿಗೆ 5.90-15 ಅಂತ ಇಂಚಿನಲ್ಲಿ ಬರೆದಿರುತ್ತಿತ್ತು. ಗೋಡೆಯ ಪ್ರತಿಶತ ಅದರಲ್ಲಿ ಇಲ್ಲ, ಹೆಚ್ಚೂಕಡಿಮೆ ಅಗಲದಷ್ಟೇ ಎತ್ತರ. ಹೀಗಾಗಿ ಸುಮ್ನೆ ಲೆಕ್ಕ ಹಾಕುವ ಬದಲು ಅಳೆಯಿರಿ. ಸಿಮೆಂಟ್ ನೆಲದ ಮೇಲೆ ಟೈರಿಗೊಂದು, ನೆಲಕ್ಕೊಂದು ಸೀಮೆಸುಣ್ಣದ ಗೆರೆ ಹಾಕಿ. ಕಾರನ್ನು ಚಕ್ರ ಒಂದು ಸುತ್ತು ಬರುವಷ್ಟು ತಳ್ಳಿ. ಟೈರಿನ ಗೆರೆ ಮತ್ತೆ ನೆಲ ಮುಟ್ಟಿದ ಕಡೆ ನೆಲಕ್ಕೆ ಇನ್ನೊಂದು ಗೆರೆ ಹಾಕಿ. ನೆಲದ ಎರಡು ಗೆರೆಗಳ ನಡುವಿನ ಅಂತರವನ್ನು 3.14ರಿಂದ ಭಾಗಿಸಿ. 1,885 ಮಿಮೀ ಬಂದರೆ ವ್ಯಾಸ ಸುಮಾರು 600. ಭಾರ ಬಿದ್ದ ಟೈರು ಚೂರು ಕಡಿಮೆ ತೋರಿಸುತ್ತದೆ, ಪರವಾಗಿಲ್ಲ.

ಹಾಗಾದರೆ 600 ಮಿಮೀ ಇದ್ದ ಕಾರಿಗೆ ಯಾವ ಅಳತೆ ಹೊಂದುತ್ತದೆ?

175/70 R14 ಹಾಕಿದರೆ 601, ಹೆಚ್ಚೂಕಡಿಮೆ ಅಷ್ಟೇ. 175/65 R14 ಆದರೆ 583. 185/60 R14 ಆದರೆ 578. 195/50 R15 ಆದರೆ 576. ವ್ಯಾಸದಲ್ಲಿ ಕಡಿಮೆಯಾದ ಪ್ರತಿ 20 ಮಿಮೀಗೆ ಕಾರು 10 ಮಿಮೀ ಕೆಳಗೆ ಬರುತ್ತದೆ. ಅಂದರೆ 185/60 R14 ಹಾಕಿದಾಗಲೇ ಸ್ಪ್ರಿಂಗ್ ಮುಟ್ಟದೆ 11 ಮಿಮೀ ತಗ್ಗಿತು. ತಗ್ಗಿಸುವ ಲೆಕ್ಕದಲ್ಲಿ ಇದನ್ನೂ ಹಿಡಿಯಬೇಕು.

ವ್ಯಾಸ 3–4 ಪ್ರತಿಶತಕ್ಕಿಂತ ಜಾಸ್ತಿ ಬದಲಾಗದಂತೆ ನೋಡಿಕೊಳ್ಳಿ. ಚಿಕ್ಕ ಟೈರ್ ಹಾಕಿದರೆ ಸ್ಪೀಡೋಮೀಟರ್ ಜಾಸ್ತಿ ತೋರಿಸುತ್ತದೆ, ಹೆದ್ದಾರಿಯಲ್ಲಿ ಇಂಜಿನ್ ಹೆಚ್ಚು ಸುತ್ತು ತಿರುಗುತ್ತದೆ. ಹಳೇ ನಾಲ್ಕು ಗೇರಿನ ಕಾರಿನಲ್ಲಿ ಅಂಕೋಲಾದಿಂದ ಭಟ್ಕಳದವರೆಗೆ ಹೋಗುವಾಗ ಈ ವ್ಯತ್ಯಾಸ ಕಿವಿಗೇ ಗೊತ್ತಾಗುತ್ತದೆ.

14 ಇಂಚೋ, 15 ಇಂಚೋ?

ಪದ್ಮಿನಿಗೆ 14. ಅಂಬಾಸಿಡರಿಗೆ ಮೂಲದಲ್ಲೇ 15 ಇದೆ, ಅದನ್ನೇ ಇಟ್ಟುಕೊಳ್ಳಿ. ಗೋಡೆ ದಪ್ಪ ಇದ್ದಷ್ಟೂ ಗುಂಡಿಯ ಏಟನ್ನು ಟೈರೇ ನುಂಗುತ್ತದೆ. ತಗ್ಗಿಸಿದ ಕಾರಿನಲ್ಲಿ ಸಸ್ಪೆನ್ಶನ್ ಆಡುವ ಜಾಗ ಮೊದಲೇ ಕಡಿಮೆ. ಅದರ ಮೇಲೆ ಗೋಡೆಯನ್ನೂ ತೆಳ್ಳಗೆ ಮಾಡಿದರೆ ಉಳಿಯುವುದು ರಿಮ್ ಮಾತ್ರ. ಮಳೆಗಾಲದಲ್ಲಿ ನೀರು ತುಂಬಿದ ಗುಂಡಿ ಎಷ್ಟು ಆಳ ಅಂತ ಯಾರಿಗೂ ಕಾಣುವುದಿಲ್ಲ. 60ಕ್ಕಿಂತ ಕೆಳಗಿನ ಪ್ರೊಫೈಲ್ (ಗೋಡೆಯ ಪ್ರತಿಶತ) ನಮ್ಮ ಜಿಲ್ಲೆಗೆ ಬೇಡ ಅನ್ನುವುದು ನನ್ನ ಖಚಿತ ಅಭಿಪ್ರಾಯ.

ಪಿಸಿಡಿ ಅಂದರೆ ಏನು? ನಾನೇ ಅಳೆಯಬಹುದಾ?

ಚಕ್ರವನ್ನು ಬಿಗಿಯುವ ನಡುಭಾಗವೇ ಹಬ್. ಅದರ ಬೋಲ್ಟುಗಳೆಲ್ಲ ಕೂತಿರುವ ವೃತ್ತದ ವ್ಯಾಸವೇ ಪಿಸಿಡಿ. ನಾಲ್ಕು ಬೋಲ್ಟಿನ ಹಬ್ ಆದರೆ ಎದುರುಬದುರಿನ ಎರಡು ಬೋಲ್ಟುಗಳ ಮಧ್ಯದಿಂದ ಮಧ್ಯಕ್ಕೆ ಅಳೆದರೆ ಆಯಿತು. ಐದು ಬೋಲ್ಟು ಇದ್ದರೆ ಎದುರುಬದುರು ಸಿಗುವುದಿಲ್ಲ. ಪಕ್ಕಪಕ್ಕದ ಎರಡರ ಅಂತರ ಅಳೆದು 0.588ರಿಂದ ಭಾಗಿಸಿ.

ಮಾರುತಿ 800ಕ್ಕೆ 4×114.3, ಅಂದರೆ ನಾಲ್ಕು ಬೋಲ್ಟು, ಪಿಸಿಡಿ 114.3 ಮಿಮೀ. ಜಿಪ್ಸಿಗೆ 5×139.7. ಮರ್ಸಿಡಿಸ್ ಡಬ್ಲ್ಯೂ123ಕ್ಕೆ 5×112. ಫೋಕ್ಸ್‌ವ್ಯಾಗನ್ ಬೀಟಲ್‌ಗೆ 1967ರವರೆಗೆ 5×205, 1968ರಿಂದ 4×130. ಉಳಿದ ಹಳೇ ಕಾರುಗಳಿಗೆ ಯಾರ ಬಾಯಿಮಾತನ್ನೂ ನಂಬದೆ ಅಳೆದೇ ತೀರ್ಮಾನ ಮಾಡಿ. ಐವತ್ತು ವರ್ಷದಲ್ಲಿ ಹಬ್ ಯಾವ ಕಾರಿನದ್ದು ಬಂದು ಕೂತಿದೆಯೋ ಹೇಳಲಾಗದು.

ಮುಖ್ಯವಾದ ಎಚ್ಚರಿಕೆ: 98 ಮಿಮೀ ಮತ್ತು 100 ಮಿಮೀ ಪಿಸಿಡಿ ಕಣ್ಣಿಗೆ ಒಂದೇ ಥರ ಕಾಣುತ್ತವೆ. ನಟ್ಟು ಬಿಗಿಯುತ್ತದೆ ಕೂಡ. ಆದರೆ ಬೋಲ್ಟು ಓರೆಯಾಗಿ ಕೂತಿರುತ್ತದೆ, ಚಕ್ರ ನಡುವಿಗೆ ಬಂದಿರುವುದಿಲ್ಲ. ಮೊದಲು ನಡುಕ, ಆಮೇಲೆ ನಟ್ಟು ಸಡಿಲ, ಕೊನೆಗೆ ಬೋಲ್ಟು ತುಂಡು. "ಸ್ವಲ್ಪ ಅಡ್ಜಸ್ಟ್ ಆಗುತ್ತೆ" ಅನ್ನುವ ಅಂಗಡಿಯಿಂದ ಎದ್ದು ಬನ್ನಿ.

ಚಕ್ರದ ನಡುವಿನ ತೂತು ದೊಡ್ಡದಾಗಿದೆ. ನಡೆಯುತ್ತದಾ?

ತೂತು ಹಬ್‌ಗಿಂತ ದೊಡ್ಡದಿದ್ದರೆ ಆ ಸಂದಿಗೆ ಹೊಂದುವ ರಿಂಗ್ ಹಾಕಿಸಿ. ಚಿಕ್ಕದಿದ್ದರೆ ಚಕ್ರ ಕೂರುವುದೇ ಇಲ್ಲ. ಲೇತ್‌ನಲ್ಲಿ ಕೊರೆಸುವ ಮೊದಲು ರಿಮ್ಮಿನ ನಡುಭಾಗ ಎಷ್ಟು ದಪ್ಪ ಇದೆ ನೋಡಿ.

ಆಫ್‌ಸೆಟ್ ಎಷ್ಟು ಓದಿದರೂ ಅರ್ಥ ಆಗುವುದಿಲ್ಲ. ಒಂದು ಉದಾಹರಣೆ ಕೊಡಿ.

ರಿಮ್ಮಿನ ಅಗಲವನ್ನು ನಡುವೆ ಸೀಳಿದ ಗೆರೆ ಒಂದು. ಹಬ್‌ಗೆ ಅಂಟಿ ಕೂರುವ ಮುಖ ಇನ್ನೊಂದು. ಈ ಎರಡರ ನಡುವಿನ ಅಂತರವೇ ಆಫ್‌ಸೆಟ್, ಚಕ್ರದ ಮೇಲೆ ಇಟಿ ಅಂತ ಬರೆದಿರುತ್ತದೆ. ಅಂಕಿ ದೊಡ್ಡದಾದಷ್ಟೂ ಚಕ್ರ ಕಾರಿನ ಒಳಗೆ ಹೋಗುತ್ತದೆ. ಚಿಕ್ಕದಾದಷ್ಟೂ ಹೊರಗೆ ಬರುತ್ತದೆ.

ಈಗ ನಿಮ್ಮ ಕಾರಿನಲ್ಲಿ 5.5 ಇಂಚು ಅಗಲದ ಇಟಿ 30 ಚಕ್ರ ಇದೆ, 7 ಇಂಚು ಅಗಲದ ಇಟಿ 20 ಹಾಕಬೇಕು ಅಂದುಕೊಳ್ಳಿ. ಅಗಲದಲ್ಲಿ 1.5 ಇಂಚು, ಅಂದರೆ 38 ಮಿಮೀ ಹೆಚ್ಚಾಯಿತು. ಒಳಗೆ 19, ಹೊರಗೆ 19. ಆಫ್‌ಸೆಟ್ 10 ಕಡಿಮೆಯಾದ್ದರಿಂದ ಇಡೀ ಚಕ್ರ 10 ಮಿಮೀ ಹೊರಗೆ ಸರಿಯಿತು. ಹೊರಗಡೆ 29 ಮಿಮೀ ಹೆಚ್ಚು, ಒಳಗಡೆ 9 ಮಿಮೀ ಹೆಚ್ಚು. ಈ ಎರಡು ಅಂಕಿ ಚೀಟಿಯಲ್ಲಿ ಬರೆದುಕೊಂಡು ಕಾರಿನ ಹತ್ತಿರ ಹೋಗಿ. ಮಡ್ಗಾರ್ಡಿನ ಅಂಚಿಗೆ 29 ಮಿಮೀ ಜಾಗ ಇದೆಯಾ? ಒಳಗೆ ಪಾಟಾಕ್ಕೆ (ಎಲೆ ಸ್ಪ್ರಿಂಗ್‌ಗೆ) 9 ಮಿಮೀ ಕಳೆದ ಮೇಲೂ ಒಂದು ಬೆರಳು ತೂರುತ್ತದಾ? ಇಷ್ಟೇ ವಿಷಯ.

ಇನ್ನೊಂದು ಮಾತು. ರಿಮ್ಮಿನ 7 ಇಂಚು ಅಂದರೆ ಟೈರು ಕೂರುವ ಒಳಅಳತೆ. ಅಂಚಿನಿಂದ ಅಂಚಿಗೆ ಟೇಪ್ ಹಿಡಿದರೆ ಹತ್ತಿರ ಹತ್ತಿರ ಒಂದು ಇಂಚು ಜಾಸ್ತಿ ಬರುತ್ತದೆ. ಸೆಕೆಂಡ್‌ಹ್ಯಾಂಡ್ ಚಕ್ರ ಕೊಳ್ಳುವಾಗ ಇದು ನೆನಪಿರಲಿ.

ಹೊಸ ಕಾರಿನ ಅಲಾಯ್ ಸಿಗುತ್ತಿದೆ. ಹಳೇ ಕಾರಿಗೆ ಹಾಕಬಹುದಾ?

ಪಿಸಿಡಿ ಹೊಂದಿದರೂ ಆಫ್‌ಸೆಟ್ ಹೊಂದುವುದು ಅಪರೂಪ. ಈಗಿನ ಮುಂಚಕ್ರ ಚಾಲನೆಯ ಕಾರುಗಳ ಇಟಿ 40ರ ಆಸುಪಾಸು. ಹಿಂಚಕ್ರ ಚಾಲನೆಯ ಹಳೇ ಕಾರುಗಳದ್ದು ಅದಕ್ಕಿಂತ ಎಷ್ಟೋ ಕಡಿಮೆ. ಹಾಗೇ ಹಾಕಿದರೆ ಚಕ್ರ ಒಳಗೆ ಮುದುಡಿ ಕೂತು ಟೈರು ಪಾಟಾಕ್ಕೋ ಸ್ಟೇರಿಂಗ್ ಆರ್ಮ್‌ಗೋ ತಾಗುತ್ತದೆ. ನೋಡಲೂ ಚೆಂದವಿಲ್ಲ.

ಸ್ಪೇಸರ್ ಹಾಕಿ ಹೊರಗೆ ತರಬಹುದಲ್ಲ?

5 ಮಿಮೀ ತನಕ ಪರವಾಗಿಲ್ಲ, ಅದೂ ಬೋಲ್ಟು ಉದ್ದ ಇದ್ದರೆ. ನಟ್ಟಿನೊಳಗೆ ಬೋಲ್ಟಿನ ಮರೆ (ಥ್ರೆಡ್) ಎಷ್ಟು ಹಿಡಿದಿದೆ ಅನ್ನುವುದೇ ಪ್ರಶ್ನೆ. ಬೋಲ್ಟು 12 ಮಿಮೀ ದಪ್ಪ ಇದ್ದರೆ ಕಡಿಮೆ ಅಂದರೆ 12 ಮಿಮೀ ಉದ್ದದ ಮರೆ ನಟ್ಟಿನೊಳಗೆ ಹಿಡಿದಿರಬೇಕು. ಅದಕ್ಕಿಂತ ದಪ್ಪದ ಸ್ಪೇಸರ್ ಬೇಕಾದರೆ ಉದ್ದದ ಬೋಲ್ಟು ಹಾಕಿಸಿ, ಅಥವಾ ಹಬ್‌ಗೆ ಪ್ರತ್ಯೇಕವಾಗಿ ಬಿಗಿಯುವ ಜಾತಿಯದ್ದು ತಗೊಳ್ಳಿ. ಎರಡು ಮೂರು ಸ್ಪೇಸರ್ ಒಂದರ ಮೇಲೊಂದು ಪೇರಿಸುವುದಂತೂ ಬೇಡವೇ ಬೇಡ.

ಟೈರು ಉಜ್ಜುತ್ತದೋ ಇಲ್ಲವೋ ಅಂತ ಮೊದಲೇ ತಿಳಿಯೋದು ಹೇಗೆ?

ನಿಂತ ಕಾರಿನಲ್ಲಿ ಕಾಣುವ ಗ್ಯಾಪ್ ಸುಳ್ಳು ಹೇಳುತ್ತದೆ. ನೋಡಬೇಕಾದ್ದು ಸ್ಪ್ರಿಂಗ್ ಪೂರ್ತಿ ಅದುಮಿದಾಗ ಉಳಿಯುವ ಗ್ಯಾಪ್. ಅದಕ್ಕೆ ಒಂದು ಮಧ್ಯಾಹ್ನ ಬಿಡುವು ಮಾಡಿಕೊಂಡು ಹೀಗೆ ಮಾಡಿ.

ಕಾರನ್ನು ಗಟ್ಟಿ ಸ್ಟ್ಯಾಂಡುಗಳ ಮೇಲೆ ನಿಲ್ಲಿಸಿ. ಜಾಕ್ ಒಂದರ ಮೇಲೇ ನಿಂತ ಕಾರಿನ ಕೆಳಗೆ ಕೈ ಹಾಕಬೇಡಿ. ಮುಂದಿನ ಕಾಯಿಲ್ ಸ್ಪ್ರಿಂಗನ್ನು ಮೆಕ್ಯಾನಿಕ್ ಕೈಯಲ್ಲಿ ತೆಗೆಸಿ. ಅದುಮಿದ ಸ್ಪ್ರಿಂಗ್ ಹಾರಿದರೆ ಕೈ ಮುರಿಯುತ್ತದೆ, ಮನೆಯಲ್ಲಿ ಪ್ರಯೋಗ ಬೇಡ. ಸ್ಪ್ರಿಂಗ್ ಇಲ್ಲದ ಆ ಜಾಗಕ್ಕೆ ಹೊಸ ಚಕ್ರ ಏರಿಸಿ, ಕೆಳಗಿನ ಆರ್ಮ್‌ಗೆ ಸಣ್ಣ ಜಾಕ್ ಕೊಟ್ಟು ಬಂಪ್ ರಬ್ಬರ್ (ಸಸ್ಪೆನ್ಶನ್ ಕೊನೆಗೆ ತಾಗಿ ನಿಲ್ಲುವ ರಬ್ಬರ್) ಮುಟ್ಟುವವರೆಗೆ ಎತ್ತಿ. ದೊಡ್ಡ ಗುಂಡಿಯಲ್ಲಿ ನಿಮ್ಮ ಚಕ್ರ ಹೋಗಿ ನಿಲ್ಲುವ ಜಾಗ ಅದೇ. ಈಗ ಒದ್ದೆ ಜೇಡಿಮಣ್ಣಿನ ದಪ್ಪ ಉಂಡೆಗಳನ್ನು ಮಡ್ಗಾರ್ಡಿನ ಅಂಚಿಗೆ, ಒಳಗೋಡೆಗೆ, ಮುಂದಿನ ಮೂಲೆಗೆ ಅಂಟಿಸಿ. ಸ್ಟೇರಿಂಗ್ ಪೂರ್ತಿ ಎಡಕ್ಕೆ, ಪೂರ್ತಿ ಬಲಕ್ಕೆ ತಿರುಗಿಸಿ. ಟೈರು ಒತ್ತಿದ ಮೇಲೆ ಉಂಡೆಯಲ್ಲಿ ಉಳಿದ ದಪ್ಪವನ್ನು ಅಳೆಯಿರಿ. ಎಲ್ಲಾ ಕಡೆ 8–10 ಮಿಮೀ ಉಳಿದಿದ್ದರೆ ಆ ಚಕ್ರ ನಿಮ್ಮದು. ಒಂದು ಕಡೆ ಮಣ್ಣು ಹಾಳೆಯಂತೆ ತೆಳ್ಳಗಾಗಿದ್ದರೆ ಅಲ್ಲಿ ನಾಳೆ ಟೈರಿನ ರಬ್ಬರು ಕೀಳುತ್ತದೆ.

ಹಿಂದಿನ ಪಾಟಾಕ್ಕೆ ಇಷ್ಟೆಲ್ಲ ಬೇಡ. ಡಿಕ್ಕಿಗೆ ಅಡಿಕೆ ಚೀಲ ಹೇರಿ, ಹಿಂದಿನ ಸೀಟಿಗೆ ಮೂವರನ್ನು ಕೂರಿಸಿ, ನಿಧಾನಕ್ಕೆ ಗುಂಡಿಯೊಂದನ್ನು ದಾಟಿಸಿ. ಒಂದು ಚಕ್ರ ಮಾತ್ರ ಎತ್ತರಕ್ಕೆ ಏರುವ ಹಾಗೆ, ಓರೆಯಾಗಿ ದಾಟಿಸಬೇಕು. ಆಕ್ಸಲ್ ಅಡ್ಡಕ್ಕೆ ವಾಲಿದಾಗಲೇ ಟೈರು ಒಳಗೋಡೆಗೆ ತಾಗುವುದು.

ಮಡ್ಗಾರ್ಡಿನ ಅಂಚು ಮಡಿಸಿದರೆ ಜಾಗ ಸಿಗುತ್ತದಂತೆ. ಮಾಡಿಸಬಹುದಾ?

8–10 ಮಿಮೀ ಸಿಗುತ್ತದೆ, ನಿಜ. ಆದರೆ ಕರಾವಳಿಯ ಹಳೇ ಕಾರಿನಲ್ಲಿ ತುಕ್ಕು ಮೊದಲು ಹಿಡಿಯುವುದೂ ಅದೇ ಅಂಚಿಗೆ. ಅಂಚನ್ನು ಒಳಗೆ ಮಡಿಸಿದಾಗ ಎರಡು ತಗಡಿನ ನಡುವೆ ಒಂದು ಸಂದಿ ಉಂಟಾಗುತ್ತದೆ. ಕೆಮ್ಮಣ್ಣು ಅಲ್ಲಿ ಹೋಗಿ ಕೂರುತ್ತದೆ, ಮಳೆ ನೀರು ಹೀರಿಕೊಳ್ಳುತ್ತದೆ, ಉಪ್ಪುಗಾಳಿ ಸೇರುತ್ತದೆ. ದೀಪಾವಳಿ ಹೊತ್ತಿಗೆ ಬಣ್ಣದ ಕೆಳಗೆ ಗುಳ್ಳೆ ಏಳುತ್ತದೆ. ಬೆರಳಿನಿಂದ ಒತ್ತಿದರೆ ಕಂದು ಪುಡಿ ಉದುರುತ್ತದೆ.

ಮಾಡಿಸಲೇಬೇಕು ಅಂದರೆ ಮೊದಲು ಅಯಸ್ಕಾಂತ ಹಿಡಿದು ನೋಡಿ. ಅಂಟದಿದ್ದರೆ ಅಲ್ಲಿರುವುದು ಪುಟ್ಟಿ, ಮಡಿಸಿದ ಕೂಡಲೇ ಉದುರುತ್ತದೆ. ತಗಡು ಗಟ್ಟಿ ಇದ್ದರೆ ಬಿಸಿಗಾಳಿ ಕೊಟ್ಟು ಬಣ್ಣ ಮೆತ್ತಗೆ ಮಾಡಿ ನಿಧಾನಕ್ಕೆ ಮಡಿಸಬೇಕು. ಸಂದಿಗೆ ಸೀಲರ್ ತುಂಬಿ, ಮೇಲೆ ಅಂಡರ್‌ಕೋಟ್ ಹೊಡೆಸಬೇಕು. ನನ್ನನ್ನು ಕೇಳಿದರೆ ಅರ್ಧ ಇಂಚು ಕಡಿಮೆ ಅಗಲದ ರಿಮ್ ತಗೊಳ್ಳಿ, ತಗಡನ್ನು ಮುಟ್ಟಬೇಡಿ.

ಸ್ಪ್ರಿಂಗ್ ಕತ್ತರಿಸಿದರೆ ಏನಾಗುತ್ತದೆ?

ಸುತ್ತು ಕಡಿಮೆಯಾದಷ್ಟೂ ಸ್ಪ್ರಿಂಗ್ ಗಟ್ಟಿಯಾಗುತ್ತದೆ. ಕೆಲಸ ಮಾಡುವ 8 ಸುತ್ತಿನಲ್ಲಿ ಒಂದು ತೆಗೆದರೆ ಸುಮಾರು 14 ಪ್ರತಿಶತ ಗಟ್ಟಿ. ಅಷ್ಟರವರೆಗೆ ಒಳ್ಳೆಯ ಶಾಕ್ ಅಬ್ಸಾರ್ಬರ್ ಹಾಕಿದರೆ ಸುಧಾರಿಸುತ್ತದೆ. ಗ್ಯಾಸ್ ಕಟರ್‌ನಲ್ಲಿ ಕತ್ತರಿಸಬಾರದು, ಶಾಖ ತಗಲಿದ ಉಕ್ಕು ಗುಣ ಕಳೆದುಕೊಳ್ಳುತ್ತದೆ. ಗ್ರೈಂಡರ್ ಬ್ಲೇಡ್ ಸಾಕು. ಸ್ಪ್ರಿಂಗನ್ನು ಬೆಂಕಿಯಲ್ಲಿ ಕಾಯಿಸಿ ಕೂರಿಸುವುದು ಇನ್ನೂ ಕೆಟ್ಟದ್ದು. ಚಕ್ರ ನೇತಾಡಿದಾಗ ಸ್ಪ್ರಿಂಗ್ ತನ್ನ ಬಟ್ಟಲಿನಿಂದ ಹೊರಗೆ ಜಾರಬಾರದು, ಅದನ್ನೂ ಪರೀಕ್ಷಿಸಿ.

ಅಂಬಾಸಿಡರಿನ ಮುಂದೆ ಟಾರ್ಶನ್ ಬಾರ್ (ತಿರುಚಿಕೊಂಡು ಸ್ಪ್ರಿಂಗಿನ ಕೆಲಸ ಮಾಡುವ ಕಂಬಿ) ಇದೆ, ಅದನ್ನು ಮರುಹೊಂದಿಸಿಯೇ ಎತ್ತರ ಇಳಿಸಬಹುದು, ಕತ್ತರಿಸುವ ಮಾತೇ ಇಲ್ಲ. ಹಿಂದಿನ ಪಾಟಾಕ್ಕೆ ಬಂದರೆ, ಆಕ್ಸಲ್ ಪಾಟಾದ ಮೇಲೆ ಕೂತಿರುವ ಕಾರುಗಳಲ್ಲಿ ನಡುವೆ ಉಕ್ಕಿನ ಬ್ಲಾಕ್ ಕೊಟ್ಟು ಉದ್ದದ ಯು-ಬೋಲ್ಟ್ ಬಿಗಿಯುತ್ತಾರೆ. ಒಂದೂವರೆ ಇಂಚಿನವರೆಗೆ ಸರಿ. ಮರದ ಬ್ಲಾಕ್ ಯಾರೇ ಹೇಳಿದರೂ ಬೇಡ. ಪಾಟಾದ ಒಂದು ಎಲೆ ತೆಗೆದು ಇಳಿಸುವ ರೂಢಿ ಇದೆ. ಹಾಗೆ ಮಾಡಿದರೆ ಭಾರ ಹೊರುವ ಶಕ್ತಿಯೇ ಹೋಗುತ್ತದೆ, ಎಲೆಗಳ ಬಾಗು ಕಡಿಮೆ ಮಾಡಿಸುವುದು ಒಳ್ಳೆಯದು.

ಅಗಲ ರಿಮ್ಮಿಗೆ ಸಣ್ಣ ಟೈರ್ ಎಳೆದು ಹಾಕುವುದು?

ಬೇಡ. 175/65 ಟೈರಿಗೆ 5ರಿಂದ 6 ಇಂಚು ರಿಮ್, 185/60ಕ್ಕೆ 5ರಿಂದ 6.5 ಇಂಚು ಅಂತ ಮಿತಿ ಇದೆ. ಅದರೊಳಗೆ ಇರಿ. ಎಳೆದು ಕೂರಿಸಿದ ಟೈರು ಘಟ್ಟದ ತಿರುವಿನಲ್ಲಿ ರಿಮ್ಮಿನಿಂದ ಕಳಚಿದರೆ ಪಕ್ಕದಲ್ಲಿ ಕಣಿವೆ ಇರುತ್ತದೆ.

ಲೋಡ್ ಇಂಡೆಕ್ಸ್ ನೋಡಲೇಬೇಕಾ?

ನೋಡಲೇಬೇಕು. ಅಳತೆಯ ಪಕ್ಕದಲ್ಲಿ 82ಟಿ, 88ಎಚ್ ಅಂತ ಇರುತ್ತದಲ್ಲ, ಅದರ ಅಂಕಿ. 75 ಅಂದರೆ ಒಂದು ಟೈರು 387 ಕೆಜಿ ಹೊರುತ್ತದೆ, 82 ಅಂದರೆ 475 ಕೆಜಿ, 88 ಅಂದರೆ 560 ಕೆಜಿ. ಅಂಬಾಸಿಡರ್ ಭಾರದ ಕಾರು, ಮನೆಮಂದಿಯೆಲ್ಲ ಕೂತು ಶಿರಸಿಯ ಮಾರಿಜಾತ್ರೆಗೆ ಹೊರಟರೆ ಇನ್ನೂ ಭಾರ. ಸಣ್ಣ ಹ್ಯಾಚ್‌ಬ್ಯಾಕಿನ ಟೈರು ಅದಕ್ಕೆ ಸಾಲದು.

ರೇಡಿಯಲ್, ಬಯಾಸ್, ಟ್ಯೂಬ್, ಟ್ಯೂಬ್‌ಲೆಸ್: ಯಾವುದು?

ರೇಡಿಯಲ್ ಹಾಕಿ, ನಾಲ್ಕಕ್ಕೂ ಹಾಕಿ. ಮುಂದೆ ರೇಡಿಯಲ್, ಹಿಂದೆ ಬಯಾಸ್ (ಒಳಗಿನ ದಾರದ ಪದರ ಓರೆಯಾಗಿರುವ ಹಳೇ ಥರದ ಟೈರು) ಹಾಕಿದ ಕಾರು ಮಳೆಯಲ್ಲಿ ಹಿಂಭಾಗ ಜಾರಿ ತಿರುಗಿಬಿಡುತ್ತದೆ. ಹಳೇ ಕಾಲದ ಉಕ್ಕಿನ ಡಿಸ್ಕ್‌ನಲ್ಲಿ (ಉಕ್ಕಿನ ಚಕ್ರದಲ್ಲಿ) ಟೈರಿನ ಅಂಚನ್ನು ಹಿಡಿದಿಡುವ ಸಣ್ಣ ಉಬ್ಬು ಇರುವುದಿಲ್ಲ, ರಿವೆಟ್ ಹೊಡೆದ ಜಾಗದಲ್ಲಿ ಗಾಳಿ ಸೋರುತ್ತದೆ. ಅಂಥದ್ದಕ್ಕೆ ಟ್ಯೂಬ್ ಹಾಕಿಯೇ ಓಡಿಸಿ. ಕಡ್ಡಿ ಚಕ್ರಕ್ಕೂ ಟ್ಯೂಬ್ ಬೇಕು.

ಟೈರು ಹೊಸದಾ ಅಂತ ನೋಡಲು ಗೋಡೆಯ ಮೇಲಿನ ನಾಲ್ಕಂಕಿ ಓದಿ. 2319 ಅಂದರೆ 2019ರ 23ನೇ ವಾರದಲ್ಲಿ ತಯಾರಾದದ್ದು. ಹಳೇ ಕಾರಿನ ಟೈರು ಸವೆಯುವ ಮೊದಲೇ ಒಣಗಿ ಬಿರಿಯುತ್ತದೆ, ಶೆಡ್ಡಿನಲ್ಲಿ ನಿಂತೇ ಇರುತ್ತದಲ್ಲ. ಸವೆತಕ್ಕೆ ಕಾನೂನಿನ ಮಿತಿ 1.6 ಮಿಮೀ. ನಮ್ಮ ಮಳೆಗೆ 3 ಮಿಮೀ ಆದಾಗಲೇ ಬದಲಿಸಿ. ಹೆದ್ದಾರಿ 66ರಲ್ಲಿ ನಿಂತ ನೀರಿನ ಮೇಲೆ ಅಗಲ ಟೈರು ತೇಲುವುದು ಬೇಗ.

ಘಟ್ಟ ಇಳಿಯುವಾಗ ಈ ಚಕ್ರಗಳಿಂದ ಏನಾದರೂ ತೊಂದರೆ?

ಹಳೇ ಪದ್ಮಿನಿ, ಅಂಬಾಸಿಡರುಗಳಿಗೆ ನಾಲ್ಕೂ ಕಡೆ ಡ್ರಮ್ ಬ್ರೇಕ್. ಶಿರಸಿ ಸಮುದ್ರ ಮಟ್ಟಕ್ಕಿಂತ 600 ಮೀಟರ್ ಆಸುಪಾಸು ಎತ್ತರದಲ್ಲಿದೆ. ದೇವಿಮನೆ ಇಳಿದು ಕುಮಟಾ ಕಡೆ ಹೊರಟರೆ ಡ್ರಮ್ ಕಾದು ಬ್ರೇಕ್ ಹಿಡಿತ ಕಡಿಮೆಯಾಗುತ್ತದೆ. ಭಾರದ ಅಗಲ ಚಕ್ರ ಹಾಕಿದ್ದರೆ ಇನ್ನೂ ಜಾಸ್ತಿ. ಹೊಸ ಚಕ್ರ ಹಳೆಯದಕ್ಕಿಂತ ತೂಕ ಇರಬಾರದು, ಗಾಳಿ ಆಡುವ ಕಿಂಡಿಗಳಿರಬೇಕು. ತಕ್ಕಡಿಯಲ್ಲಿಟ್ಟು ತೂಗಿಯೇ ತಗೊಳ್ಳಿ. ಹತ್ತುವ ಗೇರಿನಲ್ಲೇ ಇಳಿಯುವ ಹಳೇ ಚಾಲಕರ ಪದ್ಧತಿಯನ್ನು ಬಿಡಬೇಡಿ.

ಉಪ್ಪುಗಾಳಿಗೆ ಅಲಾಯ್ ತಡೆಯುತ್ತದಾ?

ಬಣ್ಣ ಹೊಡೆದದ್ದು ತಡೆಯುತ್ತದೆ. ಬರೀ ಪಾಲಿಶ್ ಮಾಡಿದ್ದು ಕಾರವಾರದಲ್ಲಿ ಬೇಗ ಬಿಳಿ ಚುಕ್ಕೆ ಹಿಡಿಯುತ್ತದೆ. ಅದಕ್ಕಿಂತ ದೊಡ್ಡ ಕಾಟ ಕಣ್ಣಿಗೆ ಕಾಣದ ಕಡೆ ಇದೆ. ಅಲ್ಯೂಮಿನಿಯಂ ಚಕ್ರ, ಕಬ್ಬಿಣದ ಹಬ್, ನಡುವೆ ಉಪ್ಪುನೀರು ಸೇರಿದರೆ ಎರಡೂ ಕಚ್ಚಿಕೊಳ್ಳುತ್ತವೆ. ಪಂಕ್ಚರ್ ಆದ ದಿನ ನಟ್ಟೆಲ್ಲ ಬಿಚ್ಚಿದರೂ ಚಕ್ರ ಹೊರಗೆ ಬರುವುದಿಲ್ಲ. ವರ್ಷಕ್ಕೆರಡು ಸಲ, ಮಳೆಗೆ ಮೊದಲು ಮತ್ತು ಮಳೆ ಮುಗಿದ ಮೇಲೆ, ಚಕ್ರ ಬಿಚ್ಚಿ ಹಬ್‌ನ ಮುಖವನ್ನು ತಂತಿ ಬ್ರಶ್‌ನಿಂದ ಉಜ್ಜಿ. ನಡುವಿನ ಉಂಗುರಕ್ಕೆ ತೆಳ್ಳಗೆ ಗ್ರೀಸ್ ಸವರಿ. ಬೋಲ್ಟಿನ ಮರೆಗೆ ಗ್ರೀಸ್ ಹಚ್ಚಬೇಡಿ.

ಸೆಕೆಂಡ್‌ಹ್ಯಾಂಡ್ ಅಲಾಯ್ ತಗೊಳ್ಳುವಾಗ ಏನು ನೋಡಬೇಕು?

ಒಳಬದಿ ನೋಡಿ. ಬೆಸುಗೆ ಕಂಡರೆ ವಾಪಸ್ ಕೊಡಿ. ಬ್ಯಾಲೆನ್ಸಿಂಗ್ ಮಶಿನ್ ಮೇಲೆ ತಿರುಗಿಸಿ ಅಂಚು ಕುಣಿಯುತ್ತದಾ ನೋಡಿ. ದುಡ್ಡು ಕೊಡುವುದು ಆಮೇಲೆ.

ತಗ್ಗಿಸಿದ ಮೇಲೆ ಸ್ಟೇರಿಂಗ್ ಎಳೆಯುತ್ತಿದೆ, ಟೈರು ಒಳಬದಿ ಸವೆಯುತ್ತಿದೆ.

ಎತ್ತರ ಬದಲಾದಾಗ ಕ್ಯಾಂಬರ್ (ಮುಂದಿನಿಂದ ನೋಡಿದಾಗ ಚಕ್ರ ವಾಲಿರುವುದು), ಟೋ (ಮೇಲಿನಿಂದ ನೋಡಿದಾಗ ಚಕ್ರದ ಮುಂಭಾಗ ಒಳಗೋ ಹೊರಗೋ ತಿರುಗಿರುವುದು) ಎರಡೂ ಬದಲಾಗುತ್ತವೆ. ಒಳಬದಿ ಸವೆತಕ್ಕೆ ಬಹಳ ಸಲ ಕ್ಯಾಂಬರ್‌ಗಿಂತ ಟೋ ಕಾರಣ. ತಗ್ಗಿಸಿದ ಮೇಲೆ ನೂರಿನ್ನೂರು ಕಿಮೀ ಓಡಿಸಿ, ಸ್ಪ್ರಿಂಗ್ ಕೂತ ಮೇಲೆ ಅಲೈನ್‌ಮೆಂಟ್ ಮಾಡಿಸಿ. ಹಳೇ ಕಾರಿನ ಅಳತೆ ಕಂಪ್ಯೂಟರಿನಲ್ಲಿ ಇರುವುದಿಲ್ಲ, ಕಾರಿನ ಪುಸ್ತಕದ ಪುಟ ಒಯ್ಯಿರಿ. ಕಿಂಗ್‌ಪಿನ್, ಬುಶ್‌ಗಳಲ್ಲಿ ಆಟ ಇದ್ದರೆ ಅಲೈನ್‌ಮೆಂಟ್ ಮಾಡಿಸಿ ಪ್ರಯೋಜನವಿಲ್ಲ, ಮೊದಲು ಅವನ್ನು ಬದಲಿಸಿ.

ಆರ್‌ಟಿಓದವರು ಹಿಡಿಯುತ್ತಾರಾ?

ಕೆಎ 30 ಆಗಲಿ, ಕೆಎ 31 ಆಗಲಿ, ಕಾನೂನು ಒಂದೇ. 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಮಿನ ಪ್ರಕಾರ ತಯಾರಕರು ಕೊಟ್ಟ ಮೂಲ ವಿವರಕ್ಕೆ ವಿರುದ್ಧವಾಗಿ ವಾಹನ ಬದಲಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಇದನ್ನೇ ಎತ್ತಿಹಿಡಿಯಿತು. ಅದೇ ವರ್ಷದ ತಿದ್ದುಪಡಿಯಲ್ಲಿ ಬಂದ 182ಎ ಕಲಮಿನಡಿ ಒಂದೊಂದು ಬದಲಾವಣೆಗೆ 5,000 ರೂಪಾಯಿ ದಂಡ, ಆರು ತಿಂಗಳವರೆಗೆ ಜೈಲು, ಅಥವಾ ಎರಡೂ ಆಗಬಹುದು. ಹಾಗಾಗಿ ಮಡ್ಗಾರ್ಡಿನಿಂದ ಹೊರಗೆ ಚಾಚಿದ ಚಕ್ರ, ಕೊಯ್ದ ಚಾಸಿ, ಇವಕ್ಕೆ ಕೈ ಹಾಕಬೇಡಿ. ಏನೇ ಮಾಡಿಸುವ ಮೊದಲು ಆರ್‌ಟಿಓ ಕಚೇರಿಯಲ್ಲಿ ಕೇಳಿ.

ಕಾರು ಮೊದಲು ನೋಂದಣಿಯಾಗಿ 50 ವರ್ಷ ದಾಟಿದ್ದರೆ ಇನ್ನೊಂದು ವಿಚಾರ ಇದೆ. 2021ರ ನಿಯಮದಡಿ ಅದನ್ನು ವಿಂಟೇಜ್ ವಾಹನವಾಗಿ ನೋಂದಾಯಿಸಬಹುದು. ಶುಲ್ಕ 20,000 ರೂಪಾಯಿ, ಅವಧಿ 10 ವರ್ಷ. ಷರತ್ತು ಏನೆಂದರೆ ಚಾಸಿ, ಬಾಡಿ, ಇಂಜಿನ್ ಇವುಗಳಲ್ಲಿ ದೊಡ್ಡ ಬದಲಾವಣೆ ಆಗಿರಬಾರದು, ದಿನನಿತ್ಯದ ಓಡಾಟಕ್ಕೂ ಬಳಸುವಂತಿಲ್ಲ. ಹೀಗಾಗಿ ನಾನು ಹೇಳುವುದು: ಏನೇ ಮಾಡಿದರೂ ಬಿಚ್ಚಿ ಮೊದಲಿನಂತೆ ಮಾಡಲು ಬರಬೇಕು. ಮೂಲ ಸ್ಪ್ರಿಂಗ್, ಮೂಲ ಡಿಸ್ಕ್, ಕ್ಯಾಪ್ ಎಲ್ಲವನ್ನೂ ಎಣ್ಣೆ ಸವರಿ ಅಟ್ಟದ ಮೇಲಿಡಿ.

ಒಂದೇ ಮಾತಲ್ಲಿ ಹೇಳಿ, ಪದ್ಮಿನಿಗೆ ನೀವಾದರೆ ಏನು ಹಾಕುತ್ತೀರಿ?

14 ಇಂಚಿನ ಉಕ್ಕಿನ ಡಿಸ್ಕ್, 5.5 ಇಂಚು ಅಗಲ, ಮೂಲ ಚಕ್ರದ ಹೊರಅಂಚಿಗಿಂತ 10–12 ಮಿಮೀ ಮಾತ್ರ ಹೊರಗೆ ಬರುವ ಆಫ್‌ಸೆಟ್. ಟೈರು 175/65 R14. ಮುಂದೆ, ಹಿಂದೆ 30 ಮಿಮೀ ಇಳಿತ, ಟೈರಿನ ಲೆಕ್ಕವೂ ಸೇರಿ. ಮೂಲ ಕ್ರೋಮ್ ಕ್ಯಾಪ್ ಅದರ ಮೇಲೆಯೇ. ಡಿಸ್ಕ್ ಗುಂಡಿಗೆ ಬಿದ್ದು ಸೊಟ್ಟಗಾದರೆ ಬಡಿದು ನೇರ ಮಾಡಬಹುದು, ಅಲಾಯ್ ಸೀಳುತ್ತದೆ.

ಸ್ಟೆಪ್ನಿಗೆ ಹಳೇ ಚಕ್ರವೇ ಸಾಕಾ?

ಹೊರವ್ಯಾಸ ಒಂದೇ ಇದ್ದರೆ ಸಾಕು. ಹಿಂದಿನ ಎರಡು ಚಕ್ರ ಬೇರೆ ಬೇರೆ ವ್ಯಾಸದ್ದಾದರೆ ಡಿಫರೆನ್ಷಿಯಲ್ (ಆ ಎರಡನ್ನೂ ಬೇರೆ ಬೇರೆ ವೇಗದಲ್ಲಿ ತಿರುಗಲು ಬಿಡುವ ಗೇರ್) ಬಿಡುವಿಲ್ಲದೆ ಕೆಲಸ ಮಾಡುತ್ತದೆ. ಅಣಶಿ ದಾಟಿ ಜೋಯಿಡಾದವರೆಗೆ ಅಂಗಡಿ ಸಿಗದ ದಾರಿಯಲ್ಲಿ ಅದು ಒಳ್ಳೆಯದಲ್ಲ. ಅಂಥ ಸಂದರ್ಭದಲ್ಲಿ ಮುಂದಿನ ಸರಿಯಾದ ಚಕ್ರ ಹಿಂದಕ್ಕೆ ಹಾಕಿ, ಸ್ಟೆಪ್ನಿಯನ್ನು ಮುಂದೆ ಹಾಕಿ.

ನಟ್ಟುಗಳ ವಿಷಯ ಮರೆಯಬೇಡಿ. ಅಲಾಯ್‌ಗೆ ಬರುವ ನಟ್ಟಿನ ಬುಡ ಒಂದು ಆಕಾರ, ಹಳೇ ಡಿಸ್ಕಿನದು ಇನ್ನೊಂದು ಆಕಾರ ಇರಬಹುದು. ಒಂದರದ್ದು ಇನ್ನೊಂದಕ್ಕೆ ಹಾಕಿದರೆ ಬಿಗಿಯಾದಂತೆ ಅನ್ನಿಸುತ್ತದೆ, ಕೂತಿರುವುದಿಲ್ಲ. ಸ್ಟೆಪ್ನಿಗೆ ಬೇಕಾದ ಒಂದು ಜೊತೆ ನಟ್ಟನ್ನು ಬಟ್ಟೆ ಚೀಲದಲ್ಲಿ ಹಾಕಿ ಜಾಕ್, ಪಾನಾ ಜೊತೆ ಡಿಕ್ಕಿಯಲ್ಲಿಡಿ. ಯಾವ ಚಕ್ರ ಬದಲಿಸಿದರೂ 50–100 ಕಿಮೀ ಓಡಿದ ಮೇಲೆ ಇನ್ನೊಮ್ಮೆ ನಟ್ಟು ಬಿಗಿಯಿರಿ.